ಶಿಬಿರವನ್ನು ಐದು ಊರಿಗೆ ಹಬ್ಬಿಸುವ ಮುನ್ನ

ಹುಣಸೂರಿನ ಕಡೆಯ ಸ್ನೇಹಿತರು ತಮ್ಮೂರಿನ ಭಾನುವಾರದ ಯುವ ಶಿಬಿರವನ್ನು ಜೂನ್‌ನಿಂದ ಐದು ಹಳ್ಳಿಗಳಿಗೆ ವಿಸ್ತರಿಸುವುದಾಗಿಯೂ, ಪ್ರತಿ ಊರಿಗೆ ತಾವೇ ಒಬ್ಬೊಬ್ಬ ‘ಯುವ ನಾಯಕ’ನನ್ನು ಆರಿಸಿ ಟೀ ಶರ್ಟು ಮಾಡಿಸಿರುವುದಾಗಿಯೂ, ಉದ್ಘಾಟನೆಗೆ ಪಂಚಾಯಿತಿ ಅಧ್ಯಕ್ಷರನ್ನು ಒಪ್ಪಿಸಿರುವುದಾಗಿಯೂ ಬರೆದಿದ್ದಾರೆ. ಟೀ ಶರ್ಟಿನ ಫೋಟೊ ನೋಡಿದಾಗ, ನಮ್ಮ ಅಟ್ಟದ ಮೇಲೆ ಇಂದಿಗೂ ಮೂಟೆಯಲ್ಲಿ ಬಿದ್ದಿರುವ ನಲವತ್ತು ಟೀ ಶರ್ಟುಗಳು ನೆನಪಾದವು. ಆದ್ದರಿಂದ ಉದ್ದವಾಗಿಯೇ ಬರೆಯುತ್ತಿದ್ದೇನೆ, ಬೇಸರಿಸಬಾರದು.

ನಾವೂ ಒಂದೇ ವರ್ಷದಲ್ಲಿ ಒಂದೂರಿನಿಂದ ನಾಲ್ಕೂರಿಗೆ ಹೋದೆವು. ಡಿಗ್ರಿ ಓದಿದವರು, ಮೈಕು ಕೊಟ್ಟರೆ ಚೆನ್ನಾಗಿ ಮಾತನಾಡುವವರು ಎಂಬ ಕಾರಣಕ್ಕೆ ನಾಲ್ವರನ್ನು ಆರಿಸಿದ್ದೆವು. ಒಂದೂರಿನಲ್ಲಿ ದೇವಸ್ಥಾನದ ಪೌಳಿಯಲ್ಲಿ ಶಿಬಿರ ನಡೆಸಿದ್ದರಿಂದ ಕೆಳಗಿನ ಕೇರಿಯ ಮಕ್ಕಳು ಮೊದಲ ವಾರ ಮೆಟ್ಟಿಲ ಹತ್ತಿರ ನಿಂತು ನೋಡಿ ಹೋದರು, ಎರಡನೆಯ ವಾರ ಬರಲೇ ಇಲ್ಲ. ಇನ್ನೊಂದೂರಿನ ನಾಯಕನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಕೊಠಡಿಯ ಬೀಗದ ಕೈಯೂ ಅವನ ಜೇಬಿನಲ್ಲೇ ಹೋಯಿತು. ಎರಡು ತಿಂಗಳ ನಂತರ ಬೀಗ ಒಡೆದು ನೋಡಿದರೆ ಕೇರಂ ಬೋರ್ಡಿಗೆ ಗೆದ್ದಲು ಹತ್ತಿತ್ತು. ಆ ಹುಡುಗನನ್ನು ಬೈದು ಫಲವಿಲ್ಲ. ಊರಿಗೆಲ್ಲ ಒಂದೇ ಕೈ ಮಾಡಿಸಿದವರು ನಾವು.

ಆಮೇಲೆ ನಮಗೆ ಕೆಲಸಕ್ಕೆ ಬಂದದ್ದು ಒಂದೇ ಒಂದು ಪ್ರಶ್ನೆ. ಪ್ರತಿ ಕೇರಿಯಲ್ಲಿ ಹತ್ತು ಮನೆಗೆ ಹೋಗಿ, ‘ನಿಮ್ಮ ಮಗುವಿಗೆ ಮನೆಯಲ್ಲಿ ಹೇಳಲಾಗದ ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತದೆ?’ ಎಂದು ಕೇಳಿ, ಬಂದ ಹೆಸರನ್ನಷ್ಟೇ ಬರೆದುಕೊಳ್ಳಬೇಕು. ಯಾರೂ ಪಂಚಾಯಿತಿ ಸದಸ್ಯರ ಹೆಸರು ಹೇಳಲಿಲ್ಲ. ಬಟ್ಟೆ ಹೊಲಿಯುವ ಒಬ್ಬ ಅಕ್ಕ, ಡೇರಿಯಲ್ಲಿ ಫ್ಯಾಟ್ ನೋಡುವ ಹುಡುಗ, ಹಿಂದೆ ಕಬಡ್ಡಿ ಆಡುತ್ತಿದ್ದ ಆಟೊ ಚಾಲಕ, ಈ ಮೂವರ ಹೆಸರು ಮತ್ತೆ ಮತ್ತೆ ಬಂತು. ಡೇರಿಯ ಮುಂದೆ ಬೆಳಿಗ್ಗೆ ಆರೂವರೆಗೆ ನಿಂತರೆ ಒಂದೇ ಗಂಟೆಯಲ್ಲಿ ಇಪ್ಪತ್ತು ಮನೆಯವರು ಸಿಗುತ್ತಾರೆ ನಿಜ, ಆದರೆ ಅಲ್ಲಿಗೆ ಬರುವವರು ಹಸು ಇರುವವರು ಮಾತ್ರ. ಕೂಲಿಯ ಮನೆಗಳಿಗೆ ಸಂಜೆ ಏಳರ ಮೇಲೆ ಪ್ರತ್ಯೇಕವಾಗಿಯೇ ಹೋಗಬೇಕು. ಊರಿನ ಮುಖಂಡರನ್ನು ಜೊತೆಗೆ ಕರೆದುಕೊಂಡು ಹೋದರೆ ನಿಮಗೆ ಸಿಗುವುದು ಅವರ ಮಗನ ಹೆಸರೇ.

ಹಾಗೆ ಬಂದ ಹೆಸರುಗಳಲ್ಲಿ ಬೇರೆ ಬೇರೆ ಕೇರಿಯ ಮೂವರನ್ನು, ಒಬ್ಬರಾದರೂ ಮಹಿಳೆ ಇರುವಂತೆ, ಒಪ್ಪಿಸಿ. ಮೂವರಿಗೂ ಒಂದೊಂದು ಬೀಗದ ಕೈ ಕೊಡಿ. ಜಾಗ, ವೇಳೆ ಅವರೇ ಗೊತ್ತುಮಾಡಲಿ. ನಾವು ಸಂಜೆ ಆರು ಗಂಟೆ ಎಂದಾಗ ಬಾರದ ಹೆಣ್ಣುಮಕ್ಕಳು, ಆ ಅಕ್ಕ ನಾಲ್ಕಕ್ಕೆ ಬದಲಿಸಿದಾಗ ಬಂದರು. ಚೆಂಡಿನ ದುಡ್ಡೂ ಊರಿನಲ್ಲೇ ಎತ್ತಲಿ, ಆಗ ಅದನ್ನು ಜೋಪಾನ ಮಾಡುತ್ತಾರೆ. ವಾಲಿಬಾಲಿಗೆ ನಿವಿಯಾ ಕಂಪನಿಯ ಚೆಂಡು ಸಾಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಚೆಂಡು ಕಲ್ಲುನೆಲದಲ್ಲಿ ತಿಂಗಳೂ ಬಾಳುವುದಿಲ್ಲ.

ಮಕ್ಕಳದೇ ಸಮಿತಿಯೊಂದು ಇರಲಿ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳು ಚುನಾವಣೆ ನಡೆಸಿ ಮಕ್ಕಳ ಪಂಚಾಯಿತಿ ಕಟ್ಟಿಕೊಂಡಿದ್ದರು. ನಮ್ಮ ಮಕ್ಕಳಿಗೆ ಆಗದು ಎಂದು ದಯವಿಟ್ಟು ಹೇಳಬೇಡಿ. ನವೆಂಬರ್ ಸುಮಾರಿಗೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳಿಸದೆ, ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿ, ಸ್ವೀಕೃತಿ ಪಡೆಯಿರಿ. ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ದಾರಿಗೆ ಬೀದಿದೀಪ ಬೇಕೆಂಬ ನಮ್ಮ ಹುಡುಗಿಯರ ಅರ್ಜಿ ಎರಡು ವರ್ಷ ಮಾತಿನಲ್ಲೇ ಉಳಿದು, ಮೂರನೆಯ ವರ್ಷ ಕಾಗದಕ್ಕೆ ಬಂದ ಮೇಲೆ ದೀಪವಾಯಿತು.

ಅಧ್ಯಕ್ಷರನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಎರಡು ಪಾರ್ಟಿ ಇರುವ ಊರಿನಲ್ಲಿ ಮೊದಲ ದಿನವೇ ಒಬ್ಬರ ಕೈಯಿಂದ ದೀಪ ಬೆಳಗಿಸಿದರೆ ಇನ್ನೊಂದು ಕಡೆಯ ಮಕ್ಕಳು ಅಂದೇ ನಿಲ್ಲುತ್ತಾರೆ. ಮಕ್ಕಳ ಬೇಡಿಕೆಗಳ ಪಟ್ಟಿ ಸಿದ್ಧವಾದ ಮೇಲೆ, ಉತ್ತರ ಕೊಡುವವರಾಗಿ ಅವರನ್ನು ಕರೆಯಿರಿ.

ಸ್ಥಳೀಯ ನಾಯಕತ್ವಕ್ಕೂ ಒಂದು ಮಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕರೆ ಹಿರಿಯರು ಕಟ್ಟೆಯಲ್ಲೇ ಕುಳಿತು ರಾಜಿ ಮಾಡಲು ನೋಡುತ್ತಾರೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದೂ ದೂರು ಕೊಡದಿರುವುದೇ ಅಪರಾಧ ಎಂಬುದನ್ನು ಆ ಮೂವರಿಗೆ ಮೊದಲ ದಿನವೇ ಹೇಳಿ, ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿರಿ.

ಇನ್ನು ಜೂನ್ ಎಂದಿದ್ದೀರಿ. ನಿಮ್ಮದು ಹೊಗೆಸೊಪ್ಪಿನ ಸೀಮೆ; ನಾಟಿ ಮುಗಿದು ಸ್ವಲ್ಪ ದಿನಕ್ಕೇ ಬ್ಯಾರನ್ (ಸೊಪ್ಪು ಹದ ಮಾಡುವ ಕೊಠಡಿ) ಹಚ್ಚುವ ಕಾಲ ಬರುತ್ತದೆ, ಆಗ ಯಾವ ಮನೆಯಲ್ಲಿ ಯಾರಿಗೆ ಬಿಡುವು ಇರುತ್ತದೆ? ಮಳೆಗಾಲದಲ್ಲಿ ಎರಡೇ ಊರುಗಳಲ್ಲಿ ಆ ಪ್ರಶ್ನೆ ಹಿಡಿದು ಮನೆಮನೆ ತಿರುಗಿ, ದಸರಾ ಕಳೆದ ಮೇಲೆ ಶಿಬಿರ ಶುರುಮಾಡಿ. ನವೆಂಬರಿನ ಸಭೆಗೂ ಹೊಂದುತ್ತದೆ.