12.5 ಲಕ್ಷ ಸಂಬಳ, ಆದರೂ 2019ರಷ್ಟೂ ಉಳಿಯುತ್ತಿಲ್ಲ: ಯಾಕೆ?

ಒಬ್ಬರು ಕೇಳಿದ್ದಾರೆ: ವರ್ಷಕ್ಕೆ 12.5 ಲಕ್ಷ ಸಂಬಳ, ತಿಂಗಳಿಗೆ 11,000 ತೆರಿಗೆ ಕಟ್, 2019ರಲ್ಲಿ ಕೈಗೆ 70,000 ಬರುತ್ತಿತ್ತು, ಈಗ ಆಗಿನಷ್ಟೂ ಉಳಿಯುತ್ತಿಲ್ಲ, ಯಾಕೆ? ತಿಂಗಳಿಗೆ 11,000 ತೆರಿಗೆ ಕಟ್ ಆಗುತ್ತಿದೆ ಅಂದರೆ ಬಹುಶಃ ನೀವಿನ್ನೂ ಉಳಿತಾಯ ತೋರಿಸಿ ತೆರಿಗೆ ಕಡಿಮೆ ಮಾಡಿಸಿಕೊಳ್ಳುವ ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದೀರಿ. ಸಂಬಳದ ಸ್ಲಿಪ್ ನೋಡದೆ ಖಚಿತವಾಗಿ ಹೇಳಲಾರೆ. ಯಾವ ಪದ್ಧತಿಯಲ್ಲಿದ್ದೀರಿ ಅಂತ ಮೊದಲು ಎಚ್‌ಆರ್‌ ಹತ್ತಿರ ಕೇಳಿ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ತೆರಿಗೆ ಉಳಿಸೋಕೆ ಪಿಪಿಎಫ್, ಎಲ್‌ಐಸಿ ರಸೀದಿ ಹುಡುಕೋ ತಾಪತ್ರಯವೂ ಇಲ್ಲ! ಈಗ ಬದಲಿಸಲು ಆಗಲ್ಲ ಅಂದರೆ ರಿಟರ್ನ್ ಹಾಕುವಾಗ ಹೊಸದನ್ನೇ ಆರಿಸಿ, ಕಟ್ ಆದದ್ದು ವಾಪಸ್ ಬರುತ್ತದೆ.

ಆಮೇಲೆ ಬೆಲೆಯೇರಿಕೆ. 2019ರಲ್ಲಿ ಕೈಗೆ 70,000 ಬರುತ್ತಿತ್ತು ಅಂದಿರಿ ಅಲ್ವಾ? ವರ್ಷಕ್ಕೆ ಶೇ. 5 ಅಂತ ಹಿಡಿದರೂ ಆರು ವರ್ಷಕ್ಕೆ ಅದು ಸುಮಾರು 94,000 ಆಗಬೇಕು. ತೆರಿಗೆ ಸರಿಯಾದ ಮೇಲೂ ಅದಕ್ಕಿಂತ ಕಡಿಮೆ ಬಂದರೆ ಸಂಬಳ ನಿಜಕ್ಕೂ ಹಿಂದೆ ಬಿದ್ದಿದೆ. ಬಾಡಿಗೆ, ಸ್ಕೂಲ್ ಫೀಸು ಮಾತ್ರ ಈ ಸರಾಸರಿಗೆ ಸಿಗಲ್ಲ, ನಿಮ್ಮದೇ ಹಳೇ ರಸೀದಿ ಇಟ್ಟು ಹೋಲಿಸಿ. ಹೋಲಿಸಿ ಸಿಕ್ಕ ಅಂಕಿ ಹಿಡಿದುಕೊಂಡೇ ಹೈಕ್ ಕೇಳಿ.