ಮೂಲ ಕಾಗದ ತೋರಿಸುವವರನ್ನು ಓದಿ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮನೆಗೆ ಎರಡು ಪತ್ರಿಕೆಗಳು ಬರುತ್ತವೆ. ಆದರೂ ರಾಜಕೀಯದ ಮಾತು ಬಂದಾಗ ನನ್ನ ಮಗನಾಗಲಿ ತಮ್ಮನಾಗಲಿ ಪತ್ರಿಕೆಯ ಹೆಸರೆತ್ತುವುದಿಲ್ಲ. ಯಾವುದೋ ಬ್ಲಾಗಿನಲ್ಲಿ, ಯಾವುದೋ ಜಾಲತಾಣದಲ್ಲಿ ಬಂದದ್ದನ್ನೇ ಪ್ರಮಾಣವೆಂದು ಮುಂದಿಡುತ್ತಾರೆ. ಇಬ್ಬರ ಓದು ಬೇರೆ ಬೇರೆ, ಹಾಗಾಗಿ ಊಟಕ್ಕೆ ಕೂತಾಗಲೂ ಜಗಳ ತಪ್ಪಿದ್ದಲ್ಲ. ಈ ಬರಹಗಳಿಗೆ ನಿಜಕ್ಕೂ ಅಷ್ಟು ಪ್ರಭಾವವಿದೆಯೇ? ಓದುವುದಾದರೆ ಯಾವುದನ್ನು ಓದಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪ್ರಭಾವ ಇದೆ. ಆದರೆ ಬ್ಲಾಗು ಓದಿ ಮತ ಬದಲಿಸಿದವರನ್ನು ನಾನು ಕಂಡದ್ದು ಕಡಿಮೆ. ಪತ್ರಿಕೆಗಳು ಸಣ್ಣದೆಂದು ಬಿಟ್ಟ ಸುದ್ದಿಯನ್ನು ಇಂಥ ಬರಹಗಾರರು ಬಿಡದೆ ಜಗ್ಗಿದ್ದರಿಂದ ಕೊನೆಗೆ ಪತ್ರಿಕೆಗಳೂ ಅದನ್ನು ಮುಖಪುಟಕ್ಕೆ ತರಬೇಕಾಗಿ ಬಂದದ್ದನ್ನು ಹೆಚ್ಚು ಕಂಡಿದ್ದೇನೆ. ಇದರ ಹಳೆಯ ಉದಾಹರಣೆ ಅಮೆರಿಕದ್ದು. 2002ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆನೆಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಟ್ರೆಂಟ್ ಲಾಟ್, ಸಹೋದ್ಯೋಗಿ ಸ್ಟ್ರಾಮ್ ಥರ್ಮಂಡ್ ಅವರ ನೂರನೆಯ ಹುಟ್ಟುಹಬ್ಬದಲ್ಲಿ, ವರ್ಣಭೇದದ ಪರವಾಗಿ ನಡೆದಿದ್ದ 1948ರ ಅವರ ಅಧ್ಯಕ್ಷೀಯ ಸ್ಪರ್ಧೆಯನ್ನು ಹೊಗಳಿದರು. ದೊಡ್ಡ ಪತ್ರಿಕೆಗಳು ಮೊದಲಿಗೆ ಅದನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜೋಷ್ ಮಾರ್ಷಲ್ ಮುಂತಾದ ಬ್ಲಾಗು ಬರಹಗಾರರು ಹಳೆಯ ಮಾತುಗಳನ್ನು ಹುಡುಕಿ ತೆಗೆದು ದಿನವೂ ಬರೆದರು, ಮತ್ತು ಕೆಲವೇ ವಾರಗಳಲ್ಲಿ ಲಾಟ್ ನಾಯಕ ಸ್ಥಾನ ಬಿಡಬೇಕಾಯಿತು.

ಕನ್ನಡದಲ್ಲಿ ಈ ಹಾದಿ ತುಸು ಬೇರೆ. 2005ರಲ್ಲಿ ಶುರುವಾದ ‘ಸಂಪದ’ ಜಾಲತಾಣದ ಕಾಲದಿಂದ ಮುಂದಿನ ಏಳೆಂಟು ವರ್ಷ ಕನ್ನಡದ ಬ್ಲಾಗುಗಳಲ್ಲಿ ಕವಿತೆ, ಪ್ರಬಂಧ, ಊರಿನ ನೆನಪುಗಳೇ ತುಂಬಿದ್ದವು, ರಾಜಕೀಯ ಅವುಗಳ ನಡುವೆ ನುಸುಳಿ ಬರುತ್ತಿತ್ತು. ಆಮೇಲೆ ಬರೆಯುವವರೂ ಓದುವವರೂ ಫೇಸ್‌ಬುಕ್ಕಿಗೆ ಹೋದರು. ಈಗ ತಮ್ಮ ಮಗ ಬ್ಲಾಗು ಎನ್ನುವುದು ಬಹುಶಃ ಕಚೇರಿ, ವರದಿಗಾರರು ಎಲ್ಲ ಇರುವ ಸುದ್ದಿ ಜಾಲತಾಣವನ್ನೇ ಇರಬೇಕು. ಹೆಸರು ಏನೇ ಇರಲಿ, ಅವು ತೂಕ ಗಳಿಸಿವೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ‘ಈದಿನ’ ತಾಣವು ತನ್ನ ಸಮೀಕ್ಷೆಯಲ್ಲಿ ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನ ಎಂದು ಹೇಳಿದಾಗ ನಕ್ಕವರಲ್ಲಿ ನಾನೂ ಒಬ್ಬ. ಬಂದದ್ದು 135. ಲೆಕ್ಕ ಸರಿ ಬಂತೆಂದು ಅವರ ಅಭಿಪ್ರಾಯಗಳೆಲ್ಲ ಸರಿಯೆಂದು ಒಪ್ಪಬೇಕಾಗಿಲ್ಲ. ಆದರೆ ಹಳ್ಳಿಗಳಿಗೆ ಹೋಗಿ ಮನೆಮನೆಯಲ್ಲಿ ಕೇಳಿ ಬಂದವರ ಮಾತಿಗೆ ಒಂದು ಬೆಲೆ ಇದೆಯೆಂದು ಅಂದು ನನಗೆ ಗೊತ್ತಾಯಿತು.

ಇನ್ನು ಯಾವುದನ್ನು ಓದಬೇಕೆಂಬುದು. ದೆಹಲಿಯ ಬಗ್ಗೆ, ಬೆಂಗಳೂರಿನ ಬಗ್ಗೆ ಇಂಥ ತಾಣದವರು ಬರೆದದ್ದನ್ನು ತೂಗಲು ನಮ್ಮ ಹತ್ತಿರ ತಕ್ಕಡಿ ಇಲ್ಲ. ಆದ್ದರಿಂದ ತಮಗೆ ಅಂಗೈಯಷ್ಟು ಪರಿಚಿತವಾದ ವಿಷಯದಲ್ಲಿ ಅವರು ಹೇಗೆ ಬರೆದಿದ್ದಾರೆಂದು ಮೊದಲು ನೋಡಿ. ಮಲೆನಾಡಿನವರಿಗೆ ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಗಿಂತ ಒಳ್ಳೆಯ ಪರೀಕ್ಷೆ ಸಿಗಲಾರದು.

2024ರ ಆಗಸ್ಟ್‌ನಲ್ಲಿ ನಾನು ಹೊಸನಗರದ ಕಡೆ ನೆಂಟರ ಮನೆಯಲ್ಲಿದ್ದೆ. ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಮಳೆ ಬಿಡುವು ಕೊಡದೆ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ, ಕೇಂದ್ರ ಸರ್ಕಾರ ಆ ವರದಿಯ ಆಧಾರದಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ ಹೊರಡಿಸಿತ್ತು. ಮನೆಯ ಹುಡುಗ ಮೊಬೈಲಿನಲ್ಲಿ ಒಂದು ಬರಹ ತೆರೆದು ಗಟ್ಟಿಯಾಗಿ ಓದಿದ: ಊರಿಗೆ ಊರೇ ಎಬ್ಬಿಸುತ್ತಾರೆ, ದನ ಕಟ್ಟುವ ಕೊಟ್ಟಿಗೆಗೂ ಅನುಮತಿ ಬೇಕು, ಎಂದೆಲ್ಲ ಅದರಲ್ಲಿತ್ತು. ಶರಾವತಿಯ ಮುಳುಗಡೆ ಕಂಡ ಸೀಮೆಯಲ್ಲಿ ‘ಎಬ್ಬಿಸುತ್ತಾರೆ’ ಎಂಬ ಒಂದು ಮಾತು ಸಾಕು. ಮನೆಯ ಅಜ್ಜನ ಕೈಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ನಾವು ಆ ಕರಡನ್ನೇ ಹುಡುಕಿ ತೆಗೆದೆವು. ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೆಚ್ಚು ಮಾಲಿನ್ಯದ ‘ಕೆಂಪು ವರ್ಗ’ದ ಹೊಸ ಕೈಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇವುಗಳ ಮೇಲೆ ನಿರ್ಬಂಧವಿತ್ತು. ಊರು ಖಾಲಿ ಮಾಡಿಸುವ ಮಾತು ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಜಿಲ್ಲೆ, ತಾಲ್ಲೂಕುವಾರು ಹಳ್ಳಿಗಳ ಪಟ್ಟಿ. ಅಜ್ಜ ಕನ್ನಡಕ ಏರಿಸಿಕೊಂಡು ಹುಡುಗನಿಂದ ಒಂದೊಂದೇ ಹೆಸರು ಓದಿಸಿದರು; ಪಕ್ಕದ ಊರಿತ್ತು, ಅವರ ಊರಿರಲಿಲ್ಲ.

ಇದರ ಅರ್ಥ ವರದಿಯ ಪರ ಬರೆದವರೆಲ್ಲ ಪ್ರಾಮಾಣಿಕರೆಂದಲ್ಲ. ಉಪಗ್ರಹ ಚಿತ್ರದ ಆಧಾರದಲ್ಲಿ, ಒಂದು ಹಳ್ಳಿಯ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ ಸೇರುತ್ತದೆ. ಅಡಿಕೆ, ಕಾಫಿ ತೋಟಗಳ ಹಸಿರನ್ನೂ ಕಾಡೆಂದೇ ಎಣಿಸಿದ್ದಾರೆ ಎಂಬುದು ಬೆಳೆಗಾರರ ಹಳೆಯ ಆಕ್ಷೇಪ. ಘಟ್ಟ ಉಳಿಸಿ ಎಂದು ಭಾವುಕವಾಗಿ ಬರೆದ ಎಷ್ಟೋ ಲೇಖನಗಳಲ್ಲಿ ಈ ನಿಯಮದ ಸುಳಿವೇ ಇಲ್ಲ. ಹೆದರಿಸಿದವರೂ ಹಾಡಿ ಹೊಗಳಿದವರೂ ಮೂಲ ಕಾಗದವನ್ನು ಓದುಗರ ಮುಂದೆ ಇಡಲಿಲ್ಲ. ತಮ್ಮ ಮಗ ಓದುವ ತಾಣವೂ ಸೋದರ ಓದುವ ತಾಣವೂ ಈ ವಿಷಯದಲ್ಲಿ ಏನು ಬರೆದವೆಂದು ಇಬ್ಬರಿಂದಲೂ ತೆಗೆಸಿ, ಕರಡಿನ ಪಕ್ಕದಲ್ಲಿಟ್ಟು ಓದಿ. ಜಗಳ ನಿಲ್ಲದಿದ್ದರೂ ಅದಕ್ಕೆ ಒಂದು ವಿಷಯವಾದರೂ ಸಿಕ್ಕೀತು.

ಹೆಸರು ಹೇಳಲೇಬೇಕೆಂದರೆ, ನಾನು ಮೊದಲು ತೆರೆಯುವುದು ‘ದ ಫೈಲ್’. ಸರ್ಕಾರದ ಟಿಪ್ಪಣಿ, ಆದೇಶ, ಕಡತಗಳ ಆಧಾರದ ಮೇಲೆ ಬರೆಯುವ ಕನ್ನಡದ ತಾಣ ಅದು. ಭಾಷೆ ಕೆಲವೊಮ್ಮೆ ಕಚೇರಿಯ ಕಡತದಷ್ಟೇ ಒಣಗಿರುತ್ತದೆ, ಆದರೆ ಹೇಳಿದ್ದಕ್ಕೆ ಆಧಾರವಿರುತ್ತದೆ. ‘ಈದಿನ’ಕ್ಕೆ ತನ್ನದೇ ಆದ ಒಲವಿದೆ, ಅದನ್ನು ಅದು ಮುಚ್ಚಿಡುವುದಿಲ್ಲ. ಎಡಪಂಥೀಯ ಚಿಂತನೆಗೆ ಎದುರು ನಿಂತು ವಾದಿಸಿದ ಕನ್ನಡದ ಬರಹ ಬೇಕಿದ್ದರೆ ‘ನಿಲುಮೆ’ಯ ಹಳೆಯ ಲೇಖನಗಳಿವೆ, ಸಿಟ್ಟಿನವನ್ನು ಬದಿಗಿಟ್ಟು ದೀರ್ಘವಾದವನ್ನು ಆರಿಸಿಕೊಳ್ಳಿ. ಹರಿದಾಡುವ ಚಿತ್ರ, ವಿಡಿಯೊಗಳ ಸತ್ಯಾಸತ್ಯ ತಿಳಿಯಲು 2017ರಿಂದ ‘ಆಲ್ಟ್ ನ್ಯೂಸ್’ ಇದೆ. ಇಷ್ಟೆಲ್ಲಕ್ಕಿಂತ ಹೆಚ್ಚಾಗಿ, ಬರಹವೇ ಇಲ್ಲದ ಎರಡು ತಾಣಗಳನ್ನು ಗುರುತು ಹಾಕಿಟ್ಟುಕೊಳ್ಳಿ ಎನ್ನುತ್ತೇನೆ. ಅಭ್ಯರ್ಥಿಗಳು ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತ ಮೇಲೆ ಸಲ್ಲಿಕೆಯಾಗುವ ಅಫಿಡವಿಟ್ಟುಗಳೆಲ್ಲ ‘ಮೈನೇತಾ’ದಲ್ಲಿ ಸಿಗುತ್ತವೆ, ನಮ್ಮ ಶಾಸಕರ ಎರಡು ಚುನಾವಣೆಗಳ ಆಸ್ತಿ ವಿವರವನ್ನು ಅಕ್ಕಪಕ್ಕ ಇಟ್ಟು ನೋಡುವುದು ಯಾವ ಅಂಕಣಕ್ಕಿಂತಲೂ ರುಚಿಕರ. ಸಂಸದರ ಹಾಜರಾತಿ, ಕೇಳಿದ ಪ್ರಶ್ನೆ, ಮಸೂದೆಗಳ ಸಾರಾಂಶ ‘ಪಿಆರ್‌ಎಸ್’ ತಾಣದಲ್ಲಿವೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮದ) ಅರ್ಜಿಗಳ ಸ್ಥಿತಿಯ ಬಗ್ಗೆ ನಾನೇ ಬರೆಯಬೇಕೆಂದಿದ್ದೇನೆ. ಪೊಲೀಸರು ಕೇಸು ಹಾಕುತ್ತಾರೆಂದು ಮನೆಯವರು ಹೆದರಿಸುತ್ತಾರೆ.
– ಓದುಗರೊಬ್ಬರು, ಸಾಗರ

ಉತ್ತರ: ಹಿಂದೆ ಇಂಥ ಬರಹಗಳ ಮೇಲೆ ಪ್ರಯೋಗಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಮಾನನಷ್ಟದ ಕಾನೂನು ಮಾತ್ರ ಹಾಗೆಯೇ ಇದೆ. ಹಳೆಯ ದಂಡ ಸಂಹಿತೆ ಹೋಗಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೆಯ ಕಲಮು. ಆದ್ದರಿಂದ ‘ಇಂಥ ಅಧಿಕಾರಿ ಲಂಚ ತಿಂದರು’ ಎಂದು ಕೇಳಿದ ಮಾತನ್ನು ಬರೆಯಬೇಡಿ. ಎಷ್ಟು ಅರ್ಜಿ ಬಂದಿವೆ, ಎಷ್ಟು ವಜಾ ಆಗಿವೆ, ಸಮಿತಿಯ ಸಭೆ ಕೊನೆಯದಾಗಿ ಯಾವ ತಾರೀಕಿನಂದು ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ತಾಲ್ಲೂಕು ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಲು ಮರೆಯಬೇಡಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಬಾರದ ಸಂಗತಿಯನ್ನೇ ಅರ್ಜಿಯ ತಾರೀಕಿನ ಸಮೇತ ಬರೆಯಬಹುದು. ಉತ್ತರದ ಪ್ರತಿಯನ್ನು ಬರಹದ ಜೊತೆ ಹಾಕುವಾಗ ಅದರಲ್ಲಿರುವ ಅರ್ಜಿದಾರ ರೈತರ ಹೆಸರು, ಫೋನ್ ನಂಬರುಗಳನ್ನು ಮಸಿ ಬಳಿದು ಮುಚ್ಚಿ.