ಮಗು 20ರವರೆಗೆ ಹೇಳುತ್ತೆ, ಆದರೆ "ಒಟ್ಟು ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತೆ. ಏನು ಮಾಡಬೇಕು?

ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಸಂಖ್ಯೆಗಳನ್ನು ಸರಸರ ಹೇಳುವುದು ಬಾಯಿಪಾಠ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಅಂತ ಹೊಳೆಯುವುದು ಬೇರೆ ಮಾತು, ಅದು ನಿಧಾನವಾಗಿ ಬರುತ್ತೆ.

ಸದ್ಯಕ್ಕೆ 20 ಬಿಟ್ಟುಬಿಡಿ, 5ರೊಳಗೇ ಆಡಿಸಿ. ನಾಲ್ಕು ಗುಂಡಿ ಸಾಲಾಗಿಡಿ (ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ದೊಡ್ಡ ಬ್ಲಾಕ್‌ಗಳೇ ವಾಸಿ). ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ಎಣಿಸಲಿ. ಬರೀ ಬೆರಳು ತೋರಿಸಿ ಎಣಿಸಿದರೆ ಬಾಯಿ ಮುಂದೆ ಓಡುತ್ತೆ, ಬೆರಳು ಹಿಂದೆ ಬೀಳುತ್ತೆ; ಒಂದೇ ಗುಂಡಿಗೆ ಎರಡು ಸಂಖ್ಯೆ ಸೇರುವುದು ಹೀಗೇ. ಎಣಿಸಿ ಮುಗಿದ ಕೂಡಲೇ ಎಲ್ಲವನ್ನೂ ಬಟ್ಟೆಯಿಂದ ಮುಚ್ಚಿ, "ಒಳಗೆ ಎಷ್ಟಿವೆ?" ಅಂತ ಕೇಳಿ. ಕಣ್ಣಿಗೆ ಕಾಣದಿದ್ದರೆ ಮತ್ತೆ ಎಣಿಸಲು ಆಗಲ್ಲ, ಕೊನೆಯ ಸಂಖ್ಯೆಯನ್ನೇ ನೆನಪಿಸಿಕೊಳ್ಳಬೇಕು. ತಪ್ಪಿದರೆ ಬಟ್ಟೆ ತೆಗೆದು, "ಒಂದು, ಎರಡು, ಮೂರು, ನಾಲ್ಕು. ನಾಲ್ಕು ಗುಂಡಿ!" ಅಂತ ನೀವೇ ಹೇಳಿ ತೋರಿಸಿ.

ಅರ್ಥವಾಗಿದೆಯೇ ಅಂತ ತಿಳಿಯಲು, "ಡಬ್ಬಿಯಿಂದ ಮೂರು ಕೊಡು" ಅನ್ನಿ. ಹಿಡಿ ತುಂಬ ತೆಗೆದುಕೊಟ್ಟರೆ ಇನ್ನೂ ಆಗಿಲ್ಲ, ಎರಡಕ್ಕೆ ಇಳಿಯಿರಿ. ದಿನಕ್ಕೆ ಐದು ನಿಮಿಷ ಸಾಕು. ಅಂಕಿ ಬರೆಸುವ ಅವಸರವಂತೂ ಈಗ ಬೇಡವೇ ಬೇಡ.